ದಾಕ್ಷಾಯಿಣಿಯ ಪಾಲಿನ ಗುಡ್ಡ

ನನಗೆ ಅನುಮಾನ ಜಾಸ್ತಿ ಎಂದು ನನ್ನ ಹೆಂಡತಿ ಮಂಗಳಾ ಮದುವೆಯಾದ ವರ್ಷದಿಂದಲೂ ಹೇಳುತ್ತಿದ್ದಾಳೆ. ಹಾಗೆನ್ನಲು ಅವಳಿಗೆ ಯಾರು ಹೇಳಿಕೊಟ್ಟರು ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ. ಆದರೆ ನಮ್ಮ ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ನೋಟದ ಹಾಜರಿ ತೆಗೆದುಕೊಂಡ ಯಾರೇ ಆದರೂ ನನ್ನ ಹಾಗೇ ಆಗುತ್ತಿದ್ದರು. ನಮ್ಮಲ್ಲಿ ಹೆಸರಿನ ಹಾಜರಿ ಆಮೇಲೆ. ಮೊದಲು ನೋಟದ ಹಾಜರಿ. ಪ್ರಾರ್ಥನೆ ಮುಗಿದ ಮೇಲೆ ಒಂದೊಂದೇ ಮಗು ಮುಂದೆ ಬಂದು ತನ್ನ ಪಾಲಿನ ವಸ್ತು ಹೇಗಿದೆ ಎಂದು ಒಪ್ಪಿಸಬೇಕು. "ಸೇದೋ ಬಾವಿ ಇದೆ ಸಾರ್, ಹಗ್ಗ ಹಳೇದು ಸಾರ್." "ಅಂಚೆ ಡಬ್ಬ ಇದೆ ಸಾರ್, ಬಾಗಿಲು ಅರ್ಧ ತೆಗ್ದಿದೆ ಸಾರ್." ನಾನು ಹಿಂದಿನ ದಿನದ ಪುಟದ ಜೊತೆ ತಾಳೆ ನೋಡಿ ಬರೆದುಕೊಳ್ಳುತ್ತೇನೆ.

ಯಾಕೆಂದರೆ ನಮ್ಮ ಊರಿನಲ್ಲಿ ಮಕ್ಕಳು ನೋಡದೆ ಬಿಟ್ಟ ವಸ್ತು ಇದ್ದಲ್ಲಿ ಇರುವುದಿಲ್ಲ. ಸೂರ್ಯ ಹುಟ್ಟಿ ಶಾಲೆಯ ಗಂಟೆ ಹೊಡೆಯುವುದರೊಳಗೆ, ಯಾವುದು ಯಾರ ಪಾಲಿಗೆ ಬಂದಿದೆಯೋ ಆ ಮಗು ಅದನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ನೋಡದಿದ್ದರೆ ಅದು ಜಾಗ ಬಿಡುತ್ತದೆ. ಒಮ್ಮೆ ಒಂದು ಗೇಣು, ಒಮ್ಮೆ ಒಂದು ಮಾರು, ಮನಸ್ಸು ಬಂದರೆ ಒಂದು ಬೀದಿ. ದೊಡ್ಡವರ ನೋಟಕ್ಕೆ ಅವು ಬಗ್ಗುವುದಿಲ್ಲ. ಬೇರೆ ಮಗುವಿನ ನೋಟವೂ ಲೆಕ್ಕಕ್ಕಿಲ್ಲ. ಆರೇಳು ವರ್ಷಕ್ಕೆ ಪಾಲು ಕೊಡುತ್ತೇವೆ, ಹದಿನಾಲ್ಕಕ್ಕೆ ಬಿಡಿಸುತ್ತೇವೆ. ಒಮ್ಮೆ ಹಿಟ್ಟಿನ ಗಿರಣಿಯ ಪಾಲಿನವಳಿಗೆ ಸೀತಾಳೆ ಸಿಡುಬು ಬಂದು ಮಲಗಿದಾಗ ಗಿರಣಿ ಹೋಗಿ ಕ್ಷೌರದಂಗಡಿಯ ಎದುರಿಗೆ ನಿಂತಿತು. ಒಂದು ವಾರ ಊರಿನವರು ಅಲ್ಲೇ ರಾಗಿ ಬೀಸಿಸಿಕೊಂಡರು, ಮುದ್ದೆಯಲ್ಲಿ ಕೂದಲು ಸಿಕ್ಕಿತೆಂದು ಬೈದುಕೊಂಡರು. ಬಾವಿ ಎರಡು ಮಾರು ಸರಿದ ವರ್ಷ ಹೆಂಗಸರೇ ಸೇರಿ ರಾಟೆಯನ್ನು ಕಿತ್ತು ಹೊಸ ಜಾಗದಲ್ಲಿ ನೆಟ್ಟರು. ಬದುಕು ನಡೆಯುತ್ತದೆ. ಆದರೆ ಏನು ಸರಿದರೂ ಊರು ಕೇಳುವ ಪ್ರಶ್ನೆ ಒಂದೇ: ಯಾರ ಮನೆಯ ಮಗು? ಆ ಮನೆಯವರ ಮುಖವನ್ನು ಜನ ಆಮೇಲೆ ಒಂದು ವರ್ಷ ಸರಿಯಾಗಿ ನೋಡುವುದಿಲ್ಲ.

ಎರಡು ವರ್ಷದಿಂದ ನಮ್ಮಲ್ಲಿ ಸರಿಯುತ್ತಿದ್ದದ್ದು ಗುಡ್ಡ. ಹೊಳೆಯ ಆಚೆ, ಮೂಡಲಿಗೆ, ಅರ್ಧ ಗಂಟೆ ನಡೆದರೆ ಸಿಗುತ್ತಿದ್ದ ಗುಡ್ಡ ಈಗ ಹತ್ತು ನಿಮಿಷಕ್ಕೇ ಸಿಗುತ್ತಿತ್ತು. ಅದರ ನೆರಳು ಹೊಳೆ ದಾಟಿ ಕೆಳಗೇರಿಯ ಮನೆಗಳ ಮೇಲೆ ಬೀಳತೊಡಗಿತು. ಕೆಳಗೇರಿಯಲ್ಲಿ ನಲವತ್ತು ಮನೆ. ಅಲ್ಲಿಯವರ ಕಸುಬು ಇಟ್ಟಿಗೆ ಕೊಯ್ಯುವುದು. ಬೆಳಗ್ಗೆ ಹತ್ತು ಗಂಟೆಯವರೆಗೆ ಬಿಸಿಲಿಲ್ಲದೆ ಹಸಿ ಇಟ್ಟಿಗೆ ಒಣಗದೆ ಕುಸಿಯತೊಡಗಿತು. ಹೊಳೆ ದಾಟಿ ಗುಡ್ಡವೇ ಮನೆಯ ಮೇಲೆ ಬಂದು ಕುಳಿತರೆ ಗತಿಯೇನು ಎಂದು ಅಲ್ಲಿಯವರು ಆಚೆ ದಡದಲ್ಲಿ ಗೂಟ ಹೊಡೆದು ನೋಡುತ್ತಿದ್ದರು. ಪ್ರತಿ ತಿಂಗಳು ಒಂದು ಗೂಟ ಗುಡ್ಡದ ಅಡಿಗೆ ಹೋಗುತ್ತಿತ್ತು.

ಗುಡ್ಡ ನನ್ನ ಮಗಳು ದಾಕ್ಷಾಯಿಣಿಯ ಪಾಲು. ಊರಿನಲ್ಲಿ ಅದಕ್ಕಿಂತ ದೊಡ್ಡ ಪಾಲಿಲ್ಲ, ಅದಕ್ಕಿಂತ ದೂರದ್ದೂ ಇಲ್ಲ. ಅವಳಿಗೆ ಏಳು ತುಂಬಿದ ದಿನ ನಾನೇ ಕೊಟ್ಟೆ. ಮೇಷ್ಟ್ರ ಮಗಳು ಹಿಟ್ಟಿನ ಗಿರಣಿ ನೋಡಿಕೊಂಡು ಕೂರುವುದು ನನಗೆ ಬೇಕಿರಲಿಲ್ಲ. ಕೊಟ್ಟ ಎರಡನೇ ತಿಂಗಳಲ್ಲಿ ಗುಡ್ಡದ ಮೇಲಿದ್ದ ಮುತ್ತುಗದ ಮರಕ್ಕೆ ಸಿಡಿಲು ಹೊಡೆಯಿತು. ಊರಿಗೆಲ್ಲ ಹೊಗೆ ಕಂಡಿತ್ತು. ಮಾರನೆಯ ದಿನ ಇವಳು ಬಂದು, "ಗುಡ್ಡ ಇದೆ ಸಾರ್, ಎರಡು ಬಂಡೆ ಇದೆ ಸಾರ್, ಮುತ್ತುಗದ ಮರ ಇದೆ ಸಾರ್" ಎಂದಳು. ಶಾಲೆಯಲ್ಲಿ ನಾನು ಅವಳಿಗೂ ಸಾರ್. ಎಲ್ಲ ಮಕ್ಕಳ ಎದುರಿಗೆ ಕೆನ್ನೆಗೆ ಹೊಡೆದು, ಊಟದ ಗಂಟೆಯವರೆಗೆ ಬಾವುಟದ ಕಂಬದ ಕೆಳಗೆ ಬಿಸಿಲಲ್ಲಿ ನಿಲ್ಲಿಸಿದೆ. ಹೋಗಿ ನೋಡುವ ಸೋಮಾರಿತನಕ್ಕೆ ಮಗು ಸುಳ್ಳು ಹೇಳುತ್ತಿದೆ ಎಂದುಕೊಂಡಿದ್ದೆ. ಅಂದಿನಿಂದ ಅವಳು ಒಪ್ಪಿಸುವುದರಲ್ಲಿ ಒಂದಕ್ಷರ ಬದಲಾಗಲಿಲ್ಲ. ಗುಡ್ಡ ಇದೆ, ಎರಡು ಬಂಡೆ ಇದೆ, ಸುಟ್ಟ ಬೊಡ್ಡೆ ಇದೆ. ದಿನವೂ ಅದೇ, ಅದೇ ಸ್ವರದಲ್ಲಿ. ಹಾಗಾಗಿ ಊರಿನಲ್ಲಿ ನಾನು ಅನುಮಾನ ಪಡದೆ ಬಿಟ್ಟ ಒಂದೇ ಮಗು ಅವಳು.

ಉಳಿದವರನ್ನು ಬಿಡಲಿಲ್ಲ. ಯೋಚನೆ ಮಾಡಿ ಮಾಡಿ ನಾನು ಒಂದು ತೀರ್ಮಾನಕ್ಕೆ ಬಂದೆ: ಗುಡ್ಡ ಬರುತ್ತಿಲ್ಲ, ಹೊಳೆಯೇ ದಡವನ್ನೂ ಕೆಳಗೇರಿಯನ್ನೂ ಎಳೆದುಕೊಂಡು ಗುಡ್ಡದ ಕಡೆಗೆ ಹೋಗುತ್ತಿದೆ. ಹೊಳೆಯೋ, ಕೆಳಗೇರಿಯಲ್ಲಿ ಇಟ್ಟಿಗೆ ಕೊಯ್ಯುವ ಜವರಪ್ಪನ ಮಗಳು ಗೌರಿಯ ಪಾಲು. ಗೌರಿ ದಾಕ್ಷಾಯಿಣಿಯ ತರಗತಿಯವಳೇ, ಅವಳ ಪಕ್ಕದಲ್ಲೇ ಕೂರುವವಳು. ಬೆಳಗ್ಗೆ ಹೊಳೆಯ ಮುಂದೆ ನಿಂತು ಅವಳು ಹೊಳೆ ಬಿಟ್ಟು ಬೇರೆಲ್ಲೋ ಕಣ್ಣು ಹಾಯಿಸುತ್ತಿದ್ದುದನ್ನು ನಾನೇ ಎರಡು ಸಲ ಮರೆಯಲ್ಲಿ ನಿಂತು ಕಂಡಿದ್ದೆ. ಕೇಳಿದರೆ ಬಾಯಿ ಬಿಡಲಿಲ್ಲ. ಎಲ್ಲರ ಮುಂದೆ ಅವಳ ಪಾಲು ಕಿತ್ತು ಇನ್ನೊಂದು ಮಗುವಿಗೆ ಕೊಟ್ಟೆ. ಪಾಲಿಲ್ಲದ ಮಗು ಹಾಜರಿ ಸಾಲಿನ ಕೊನೆಯಲ್ಲಿ ನಿಲ್ಲಬೇಕು, ಸರದಿ ಬಂದಾಗ "ಏನೂ ಇಲ್ಲ ಸಾರ್" ಎನ್ನಬೇಕು. ಎಂಟು ತಿಂಗಳಿನಿಂದ ಗೌರಿ ಅದನ್ನೇ ಹೇಳುತ್ತಿದ್ದಳು. ಗುಡ್ಡ ಮಾತ್ರ ನಿಂತಿರಲಿಲ್ಲ.

ಇಂಥ ಹೊತ್ತಿನಲ್ಲಿ ಬಸ್ಸಿನಿಂದ ಎಸ್ತರ್ ಸಿಸ್ಟರ್ ಇಳಿದಳು. ಕೈಯಲ್ಲಿ ಸುರುಳಿ ಸುತ್ತಿದ ಪಟ, ಒಂದು ತಗಡಿನ ಪೆಟ್ಟಿಗೆ, ಒಂದು ಟಾರ್ಚು. ಸರ್ಕಾರಿ ಆಸ್ಪತ್ರೆಯಿಂದ ಬಂದಿದ್ದೇನೆ, ಶಾಲೆ ಮಕ್ಕಳ ಕಣ್ಣು ತಪಾಸಣೆ ಮಾಡಬೇಕು ಎಂದಳು. ವಸ್ತುಗಳು ತಾವಾಗಿಯೇ ಇದ್ದಲ್ಲಿ ಇರುವ ಊರಿನವಳು. ಅಂಥವರಿಗೆ ಕಣ್ಣಿನ ಬೆಲೆ ಏನು ಗೊತ್ತು ಎಂದು ನನಗೆ ಅನಿಸಿತು.

"ನಮ್ಮ ಮಕ್ಕಳ ಕಣ್ಣಿಗೆ ಏನಾಗಿದೆ ಅಂತ ಬಂದ್ರಿ? ಯಾರು ದೂರು ಕೊಟ್ಟಿದ್ದು?" ಎಂದು ಕೇಳಿದೆ.

"ದೂರು ಯಾರೂ ಕೊಟ್ಟಿಲ್ಲ ಸಾರ್. ಎಲ್ಲ ಶಾಲೆಗೂ ಹೋಗ್ತೀವಿ. ದೂರದ್ದು ಕಾಣದೇ ಇರೋ ಮಗುಗೆ ತನಗೆ ಕಾಣ್ತಿಲ್ಲ ಅನ್ನೋದೇ ಗೊತ್ತಿರಲ್ಲ. ಎಲ್ಲರಿಗೂ ಹೀಗೇ ಕಾಣುತ್ತೆ ಅಂದ್ಕೊಂಡಿರುತ್ತೆ."

"ನಮ್ಮೂರಲ್ಲಿ ಅಂಥ ಮಗು ಇಲ್ಲ."

"ಇಲ್ಲದಿದ್ರೆ ಒಳ್ಳೇದೇ ಆಯ್ತು ಸಾರ್" ಎಂದು ಅವಳು ನಕ್ಕಳು. ಆ ನಗುವಿನ ಮೇಲೂ ನನಗೆ ಅನುಮಾನ ಬಂತು.

ತಪಾಸಣೆ ಮಾರನೆಯ ದಿನ. ಬೆಳಕು ಎಷ್ಟು ಬರುತ್ತದೆ ನೋಡಬೇಕೆಂದು ಸಿಸ್ಟರ್ ಹಿಂದಿನ ಸಂಜೆಯೇ ನನ್ನ ತರಗತಿಯ ಗೋಡೆಗೆ ಪಟ ನೇತುಹಾಕಿ, ಇಪ್ಪತ್ತು ಅಡಿ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೀಗದ ಕೈ ನನಗೇ ಕೊಟ್ಟು ಹೋದಳು. ಪಟದಲ್ಲಿ ಅಕ್ಷರವಿರಲಿಲ್ಲ. ಸಾಲು ಸಾಲಾಗಿ ಮೂರು ಹಲ್ಲಿನ ಒಂದೇ ಗುರುತು. ಮೇಲಿನದು ಅಂಗೈಯಷ್ಟು, ಕೆಳಗೆ ಬರುತ್ತಾ ಸಾಸಿವೆಯಷ್ಟು. ಹಲ್ಲು ಯಾವ ಕಡೆಗಿದೆ ಎಂದು ಮಗು ಕೈ ಮಾಡಿ ತೋರಿಸಬೇಕು. ಅಷ್ಟೇ.

ಅವಳು ಹೋದ ಹತ್ತು ನಿಮಿಷಕ್ಕೆ ಶಾಲೆಯ ಅಂಗಳ ತುಂಬಿತು. ಯಾರನ್ನೂ ಕರೆದಿರಲಿಲ್ಲ, ಎಲ್ಲರೂ ಬಂದಿದ್ದರು. ಒಂದು ಮಗುವಿನ ಕಣ್ಣು ಸರಿಯಿಲ್ಲ ಎಂದು ಚೀಟಿ ಬರೆದರೆ ಸಾಕು, ಹತ್ತು ವರ್ಷದಲ್ಲಿ ಊರಿನಲ್ಲಿ ಸರಿದದ್ದೆಲ್ಲ ಆ ಮನೆಯ ಬಾಗಿಲಿಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತಾ ನಿಂತಿದ್ದರು. ಕೊನೆಗೆ ನಾನೇ ಬೀಗ ತೆಗೆದೆ. ಪಟವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕರಿಹಲಗೆಯ ಮೇಲೆ ಬಿಡಿಸಿದೆ. ಮನೆಮನೆಯವರು ಬರೆದುಕೊಂಡು ಹೋದರು. ಆ ಸಂಜೆ ಬೀದಿಯಲ್ಲಿ ನಡೆದರೆ ಪ್ರತಿ ಜಗುಲಿಯಿಂದಲೂ ಮಗ್ಗಿಯ ಹಾಗೆ ಕೇಳುತ್ತಿತ್ತು: ಬಲ, ಮೇಲೆ, ಎಡ, ಎಡ, ಕೆಳಗೆ, ಬಲ. ಜವರಪ್ಪನೂ ಬರೆದುಕೊಂಡ. ಪಾಲೇ ಇಲ್ಲದ ಗೌರಿಗೆ ಯಾಕೆ ಎಂದು ಒಬ್ಬರು ಕೇಳಿದ್ದಕ್ಕೆ, "ಇರೋ ಮಾನವಾದ್ರೂ ಉಳೀಲಿ" ಎಂದ. ಅದನ್ನು ಅವನು ನನ್ನ ಮುಖ ನೋಡಿ ಹೇಳಿದ.

ದಾಕ್ಷಾಯಿಣಿಗೆ ನಾನೇ ಕಲಿಸಿದೆ. ಕಾಲು ಗಂಟೆಯಲ್ಲಿ ಕಲಿತಳು. ಮಂಗಳಾ ಒಲೆಯ ಮುಂದಿನಿಂದ, "ಕಾಣೋ ಮಗುಗೆ ಯಾಕ್ರೀ ಬಾಯಿಪಾಠ?" ಎಂದಳು. "ನಿನಗೆ ಗೊತ್ತಾಗಲ್ಲ, ಸುಮ್ನಿರು" ಎಂದೆ. ಮಗಳು ತಟ್ಟೆಯ ಮೇಲೆ ಮುಖ ಬಗ್ಗಿಸಿ ಊಟ ಮಾಡುತ್ತಿದ್ದಳು. ಅವಳು ಯಾವಾಗಲೂ ಹಾಗೇ ಊಟ ಮಾಡುತ್ತಿದ್ದಳು. ಗೂನು ಬೀಳುತ್ತದೆ, ನೆಟ್ಟಗೆ ಕೂರು ಎಂದು ನಾನು ದಿನವೂ ಬೈಯುತ್ತಿದ್ದೆ.

ಬೆಳಗ್ಗೆ ಸಿಸ್ಟರ್ ಕೆಲಸ ಶುರು ಮಾಡಿದಳು. ಗೆರೆಯ ಮೇಲೆ ಮಗುವನ್ನು ನಿಲ್ಲಿಸಿ, ಸೌಟಿನಂಥ ಕಪ್ಪು ತಗಡಿನಿಂದ ಒಂದು ಕಣ್ಣು ಮುಚ್ಚಿಸಿ, ಕಡ್ಡಿಯಿಂದ ಪಟದ ಗುರುತು ತೋರಿಸುತ್ತಾ ಹೋದಳು. ಒಂದೊಂದು ಮಗುವೂ ಕೊನೆಯ ಸಾಲಿನವರೆಗೆ ತಪ್ಪಿಲ್ಲದೆ ಕೈ ಆಡಿಸಿತು. ಕಿಟಕಿಯಲ್ಲಿ ಇಣುಕುತ್ತಿದ್ದ ತಾಯಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಹನ್ನೊಂದನೆಯ ಮಗು ಮಾತ್ರ ಅವಸರ ಬಿದ್ದು ಸಿಸ್ಟರ್ ಕಡ್ಡಿ ಎತ್ತುವ ಮೊದಲೇ ಮುಂದಿನ ಗುರುತಿಗೆ ಕೈ ತೋರಿಸಿಬಿಟ್ಟಿತು. ಸಿಸ್ಟರ್ ಕಡ್ಡಿ ಕೆಳಗಿಟ್ಟಳು. ನನ್ನ ಕಡೆ ತಿರುಗಿ ನೋಡಿದಳು. ನಾನು ಹಾಜರಿ ಪುಸ್ತಕ ತಿರುವಿದೆ.

"ಐದು ನಿಮಿಷ ಎಲ್ಲರೂ ಹೊರಗೆ ಹೋಗಿ ಮಕ್ಕಳೇ" ಎಂದು ನನ್ನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಕಿಟಕಿಯನ್ನೂ ಮುಚ್ಚಿದಳು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು, ನೋಡಿದವರನ್ನು ಹಿಂದಿನ ಬಾಗಿಲಿನಿಂದ ತೋಟದ ಕಡೆಗೆ ಕಳಿಸತೊಡಗಿದಳು. ಏನು ಮಸಲತ್ತು ನಡೆಸುತ್ತಿದ್ದಾಳೆ ಎಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯ ಹಲಗೆಯಲ್ಲಿ ಒಂದು ಗಂಟು ಉದುರಿ ತೂತಾಗಿದೆ. ಪರೀಕ್ಷೆಯ ದಿನಗಳಲ್ಲಿ ಕಾಪಿ ಹಿಡಿಯಲು ನಾನೇ ಉಪಯೋಗಿಸುವ ತೂತು. ಅದಕ್ಕೆ ಕಣ್ಣಿಟ್ಟೆ.

ಸಿಸ್ಟರ್ ಪಟವನ್ನು ಮಗುಚಿ ನೇತುಹಾಕಿದ್ದಳು. ಗೋಡೆಯ ಮೇಲೆ ಇದ್ದದ್ದು ಬರೀ ಬಿಳಿ ಹಾಳೆ, ಏನೂ ಇಲ್ಲ. ಒಳಗೆ ಬಂದ ಮಗು ಗೆರೆಯ ಮೇಲೆ ನಿಂತು ಕಿಸಕ್ಕನೆ ನಕ್ಕಿತು. "ಸಿಸ್ಟರ್, ಉಲ್ಟಾ ಹಾಕಿದೀರಾ!" ಸಿಸ್ಟರ್ ಅದರ ಬೆನ್ನು ತಟ್ಟಿ ಕಳಿಸಿದಳು. ಮುಂದಿನದೂ ನಕ್ಕಿತು. ಗೌರಿ ನಗಲಿಲ್ಲ, "ಏನೂ ಇಲ್ಲ ಸಿಸ್ಟರ್" ಎಂದಳು. ಎಂಟು ತಿಂಗಳು ಹೇಳಿ ಹೇಳಿ ರೂಢಿಯಾದ ಮಾತು. ಆಮೇಲೆ ದಾಕ್ಷಾಯಿಣಿ ಬಂದಳು.

ಗೆರೆ ಎಲ್ಲಿದೆ ಎಂದು ಕಾಲಿನಿಂದ ತಡವಿ ನಿಂತಳು. ಕಪ್ಪು ತಗಡನ್ನು ಅಚ್ಚುಕಟ್ಟಾಗಿ ಎಡಗಣ್ಣಿಗೆ ಹಿಡಿದಳು. ಸಿಸ್ಟರ್ ಖಾಲಿ ಹಾಳೆಯ ಮೇಲೆ ಕಡ್ಡಿ ಇಟ್ಟಳು. ನನ್ನ ಮಗಳ ಕೈ ಬಲಕ್ಕೆ ಹೋಯಿತು. ಮೇಲೆ ಹೋಯಿತು. ಎಡಕ್ಕೆ, ಮತ್ತೆ ಎಡಕ್ಕೆ, ಕೆಳಗೆ, ಬಲಕ್ಕೆ. ಸಿಸ್ಟರ್ ನಡುವೆಯೇ ಕಡ್ಡಿ ಇಳಿಸಿದಳು. ಅದೂ ಮಗಳಿಗೆ ತಿಳಿಯಲಿಲ್ಲ. ಒಂದು ತಪ್ಪಿಲ್ಲದೆ, ನಾನು ಕಲಿಸಿದ ಹಾಗೆಯೇ, ಸಾಸಿವೆಯಷ್ಟು ಗುರುತಿನ ಕೊನೆಯ ಸಾಲಿನವರೆಗೆ ಬಿಳಿ ಹಾಳೆಯನ್ನು ಓದಿ ಮುಗಿಸಿ, "ಆಯ್ತು ಸಿಸ್ಟರ್" ಎಂದಳು. ಚೆನ್ನಾಗಿ ಮಾಡಿದೆ ಎಂಬ ಸಂತೋಷ ಅವಳ ಮುಖದಲ್ಲಿತ್ತು.

ಸಿಸ್ಟರ್ ಅವಳನ್ನು ಬೆಳಕಿಗೆ ಕರೆದೊಯ್ದು ಟಾರ್ಚು ಬಿಟ್ಟು ನೋಡಿದಳು, ಪೆಟ್ಟಿಗೆಯಿಂದ ಗಾಜು ತೆಗೆದು ತೆಗೆದು ಕಣ್ಣಿಗೆ ಹಿಡಿದಳು. ಬಹಳ ಹೊತ್ತು ಹಿಡಿಯಿತು. ಆಮೇಲೆ ಹೊರಗೆ ಬಂದು ಚೀಟಿ ಬರೆಯುತ್ತಾ, "ಸಾರ್, ಈ ಪಟ ಮಕ್ಕಳಿಗೆ ಯಾರು ಬಾಯಿಪಾಠ ಮಾಡಿಸಿದ್ದು?" ಎಂದು ಕೇಳಿದಳು.

"ನನಗೇನು ಗೊತ್ತು?"

"ಈ ಹುಡುಗಿಗೆ ಒಂದು ಗೇಣಿನಾಚೆ ಎಲ್ಲ ಮಸುಕು. ಅದರಲ್ಲೂ ಎಡಗಣ್ಣು ಕೆಲಸ ಮಾಡೋದನ್ನೇ ಬಿಡ್ತಾ ಇದೆ. ಈಗ ಕನ್ನಡಕ ಹಾಕಿದ್ರೆ ಕಲಿಯುತ್ತೆ. ಇನ್ನೆರಡು ವರ್ಷ ಹೀಗೇ ಬಿಟ್ರೆ ಆಮೇಲೆ ಎಂಥ ಕನ್ನಡಕ ಹಾಕಿದ್ರೂ ಆ ಕಣ್ಣು ಕಲಿಯಲ್ಲ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಲೇಬೇಕು. ತಂದೆ ಹೆಸರು ಏನು ಸಾರ್?"

"ಶಿವನಂಜಯ್ಯ" ಎಂದೆ.

"ಏನ್ಮಾಡ್ತಾರೆ?"

"ಮೇಷ್ಟ್ರು."

ಸಿಸ್ಟರ್ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಚೀಟಿ ಮಡಚಿ ನನ್ನ ಕೈಗೆ ಕೊಟ್ಟಳು. ಅಂದು ಇನ್ನೂ ಮೂರು ಮಕ್ಕಳ ಚೀಟಿ ಬರೆದಳು, ಅವರ ಮನೆಯವರು ಗೋಳಾಡಿದರು, ಜಗಳವಾಡಿದರು. ನಾನು ನನ್ನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅವರಿಗೆಲ್ಲ ಸಮಾಧಾನ ಹೇಳಿದೆ.

ಒಂಬತ್ತು ದಿನ ಆ ಚೀಟಿ ನನ್ನ ಜೇಬಿನಲ್ಲೇ ಇತ್ತು. ಸಿಸ್ಟರಿನ ಮೇಲೆ ಅನುಮಾನಪಟ್ಟೆ, ಅವಳ ಗಾಜಿನ ಮೇಲೆ ಅನುಮಾನಪಟ್ಟೆ. ಗಾಜಿನ ಮೂಲಕ ನೋಡಿದ್ದು ನೋಟವೆಂದು ಲೆಕ್ಕಕ್ಕೆ ಬರುತ್ತದೆಯೇ? ನಮ್ಮ ಊರಿನಲ್ಲಿ ಯಾವ ಮಗುವೂ ಕನ್ನಡಕ ಹಾಕಿರಲಿಲ್ಲ. ಗುಡ್ಡಕ್ಕೆ ಸಿಟ್ಟು ಬಂದು ಒಂದೇ ಸಲಕ್ಕೆ ಹೊಳೆ ದಾಟಿದರೆ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುತ್ತೇನೆ, ನನಗೆ ಇದ್ದದ್ದು ಒಂದೇ ಭಯ: ಮಗಳ ಮೂಗಿನ ಮೇಲೆ ಕನ್ನಡಕ ಕೂತ ದಿನ ಗುಡ್ಡವನ್ನು ತಂದವರು ಯಾರು ಎಂದು ಕೆಳಗೇರಿಗೆ ಗೊತ್ತಾಗುತ್ತದೆ. ಆ ಒಂಬತ್ತು ದಿನಗಳಲ್ಲಿ ಮತ್ತೊಂದು ಗೂಟ ಗುಡ್ಡದ ಅಡಿಗೆ ಹೋಯಿತು. ದಿನಾ ಬೆಳಗ್ಗೆ ಮಗಳು ಬಂದು ಗುಡ್ಡ ಇದೆ ಸಾರ್ ಎಂದಳು. ನಾನು ತಲೆಯೆತ್ತದೆ ಬರೆದುಕೊಂಡೆ.

ಹತ್ತನೆಯ ದಿನ ಮಂಗಳಾ ಅಂಗಿ ಒಗೆಯಲು ಹಾಕುವಾಗ ಚೀಟಿ ಸಿಕ್ಕಿತು. ಅವಳು ಅದನ್ನು ಎರಡು ಸಲ ಓದಿದಳು. ನಾನು ಅವಳ ಕೂಗಾಟಕ್ಕೆ ಸಿದ್ಧನಾಗಿದ್ದೆ. ಕೂಗಲಿಲ್ಲ.

"ಊರಲ್ಲಿರೋರ ಮೇಲೆಲ್ಲ ಅನುಮಾನ ಪಡ್ತೀರಿ. ನಿಮ್ಮ ಜೇಬು ಒಂದನ್ನ ಬಿಟ್ಟು" ಎಂದಳು.

"ಗೊತ್ತಾದ್ರೆ ಜನ ಏನಂತಾರೆ ಅಂತ ಯೋಚನೆ ಮಾಡಿದೀಯಾ?"

"ಅಂತಾರೆ. ಅನ್ನಲಿ. ಅವರು ನಾಲ್ಕು ದಿನ ಅಂದು ಸುಮ್ನಾಗ್ತಾರೆ, ಇವಳ ಕಣ್ಣು ಹೋದ್ರೆ ತಂದ್ಕೊಡ್ತೀರಾ? ನಾನು ಬೆಳಗ್ಗೆ ಬಸ್ಸಿಗೆ ಕರ್ಕೊಂಡು ಹೋಗ್ತೀನಿ. ನೀವು ಬರೋದಿದ್ರೆ ಬನ್ನಿ."

ಆಮೇಲೆ ಅವಳು ಮಗಳನ್ನು ಕರೆದು ಮಡಿಲಲ್ಲಿ ಕೂರಿಸಿಕೊಂಡು, ಗುಡ್ಡದ ಮೇಲೆ ಏನಿದೆ ಎಂದು ನಿನಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದಳು. ದಾಕ್ಷಾಯಿಣಿ ನಾನು ನಿಂತ ಕಡೆಗೆ ತಿರುಗಿದಳು, ಆಮೇಲೆ ಅಮ್ಮನ ಕಿವಿಯಲ್ಲಿ ಹೇಳಲು ಹೋದಳು. ಮಂಗಳಾ, "ಗಟ್ಟಿಯಾಗೇ ಹೇಳು, ಯಾರೂ ಹೊಡೆಯಲ್ಲ" ಎಂದಳು.

"ಅಪ್ಪ ಕಂಬದ ಕೆಳಗೆ ನಿಲ್ಲಿಸಿದ ಮೇಲಿಂದ ಗೌರಿ ನೋಡಿ ಹೇಳ್ತಿದ್ಲು. ದಿನಾ ಹೊಳೆ ಹತ್ರ ನಿಂತ್ಕೊಂಡು ಮೊದಲು ನನ್ನ ಗುಡ್ಡ ನೋಡೋಳು, ಆಮೇಲೆ ಅವಳ ಹೊಳೆ ನೋಡೋಳು. ನಂಗೆ ಗುಡ್ಡ ಅಂದ್ರೆ ಬರೀ ಕಪ್ಪಗೆ ಕಾಣತ್ತೆ ಅಮ್ಮ. ಎಲ್ಲರಿಗೂ ಹಂಗೇ ಕಾಣತ್ತೆ, ನಂಗೆ ಮಾತ್ರ ಹೇಳಕ್ಕೆ ಬರಲ್ಲ ಅಂದ್ಕೊಂಡಿದ್ದೆ."

"ಅವಳ ಪಾಲು ಕಿತ್ತಾಗ ಯಾಕೆ ಹೇಳ್ಲಿಲ್ಲ?" ಎಂದು ನಾನು ಕೇಳಿದೆ.

"ಗೌರಿನೇ ಬೇಡ ಅಂದ್ಲು. ಹೇಳಿದ್ರೆ ನಿಮ್ಮಪ್ಪ ನಿನ್ನ ಮತ್ತೆ ಕಂಬದ ಕೆಳಗೆ ನಿಲ್ಲಿಸ್ತಾರೆ ಅಂದ್ಲು."

ನಾನು ಹಿತ್ತಿಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತೆ. ನಾಚಿಕೆಯಾಯಿತು ಎಂದರೆ ಸಾಲದು. ಮರೆಯಲ್ಲಿ ನಿಂತು ಆ ಮಗುವಿನ ಕಣ್ಣು ಎತ್ತ ಹೋಗುತ್ತದೆ ಎಂದು ನೋಡಿದವನು ನಾನು. ಅದು ಹೋದದ್ದು ನನ್ನ ಮಗಳ ಗುಡ್ಡದ ಕಡೆಗೆ.

ಮೂವರೂ ಬಸ್ಸಿನಲ್ಲಿ ಹೋದೆವು. ದೊಡ್ಡಾಸ್ಪತ್ರೆಯ ಹೊರಗೆ ಮರಗಳು ಯಾರೂ ನೋಡದಿದ್ದರೂ ನಿಂತಲ್ಲೇ ನಿಂತಿದ್ದವು. ಅವುಗಳನ್ನು ಹೇಗೆ ನಂಬುವುದೋ ನನಗೆ ತಿಳಿಯಲಿಲ್ಲ. ಕಣ್ಣಿಗೆ ಔಷಧಿ ಬಿಟ್ಟು, ಕೂರಿಸಿ, ಮತ್ತೆ ನೋಡಿ, ನಾಲ್ಕು ದಿನಕ್ಕೆ ಕನ್ನಡಕ ಕೊಟ್ಟರು. ಕಂದು ಬಣ್ಣದ ಚೌಕಟ್ಟು, ಗಾಜು ದಪ್ಪ. ಬಲಗಣ್ಣಿಗೆ ದಿನಕ್ಕೆರಡು ಗಂಟೆ ಪಟ್ಟಿ ಅಂಟಿಸಿ ಎಡಗಣ್ಣಿಗೆ ದುಡಿಮೆ ಕಲಿಸಬೇಕು ಎಂದರು. ಊರು ಮುಟ್ಟುವವರೆಗೆ ಕನ್ನಡಕ ಪೆಟ್ಟಿಗೆಯಲ್ಲೇ ಇರಲಿ ಎಂದು ಅದನ್ನು ಮಂಗಳಾಳ ಚೀಲದಲ್ಲಿ ಇಡಿಸಿದೆ. ಮೊದಲು ಎಲ್ಲರಿಗೂ ಹೇಳಬೇಕಿತ್ತು, ಆಮೇಲೆ ಹಾಕಬೇಕಿತ್ತು. ಅಷ್ಟು ಮಾತ್ರ ನನಗೆ ಸ್ಪಷ್ಟವಾಗಿತ್ತು.

ನಾವು ಊರಿನಲ್ಲಿಲ್ಲದ ಆ ದಿನಗಳಲ್ಲಿ ಗುಡ್ಡ ಹೊಳೆಯ ದಂಡೆಗೇ ಬಂದು ನಿಂತಿತ್ತು. ನಾವು ಮರಳಿದ ಮಾರನೆಯ ಬೆಳಗ್ಗೆ ಹಾಜರಿಯ ಹೊತ್ತಿಗೆ ಜವರಪ್ಪನೂ ಕೆಳಗೇರಿಯ ಹತ್ತಿಪ್ಪತ್ತು ಜನರೂ ಶಾಲೆಯ ಅಂಗಳಕ್ಕೆ ಬಂದಿದ್ದರು. ಮನೆ ಖಾಲಿ ಮಾಡುವುದೋ ಬೇಡವೋ ಎಂದು ಕೇಳಲು ಬಂದವರು. ನಾನು ಹಾಜರಿ ಪುಸ್ತಕ ಮುಚ್ಚಿ, ಎಲ್ಲವನ್ನೂ ಹೇಳಿದೆ. ಮರ ಸುಟ್ಟಾಗ ಮಗಳಿಗೆ ಹೊಡೆದದ್ದು, ಗೌರಿಯ ಪಾಲು ಕಿತ್ತದ್ದು, ಪಟವನ್ನು ಹಲಗೆಯ ಮೇಲೆ ಬಿಡಿಸಿದ್ದು, ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡದ್ದು.

ಜವರಪ್ಪ ಮುಂದೆ ಬಂದ. ಹೊಡೆಯುತ್ತಾನೆ ಎಂದುಕೊಂಡೆ. "ಎಂಟ್ ತಿಂಗ್ಳು ನನ್ ಮಗ್ಳು ಸಾಲಿನ್ ಕೊನೇಲಿ ನಿಂತವ್ಳೆ ಮೇಷ್ಟ್ರೇ. ಮನೇಗ್ ಬಂದು ಉಣ್ತಿರ್ಲಿಲ್ಲ. ನೀನು ಹೊಳೆ ನೋಡ್ದೆ ಎಲ್ ನೋಡ್ತಿದ್ದೆ ಅಂತ ನಾನೂ ಹೊಡ್ದಿವ್ನಿ. ನಿಮ್ ಮಾತ್ ಕೇಳ್ಕಂಡು" ಎಂದ. ಅಷ್ಟು ಹೇಳಿ ಪಕ್ಕಕ್ಕೆ ತಿರುಗಿದ. ನಾನು ಗೌರಿಯನ್ನು ಸಾಲಿನ ಕೊನೆಯಿಂದ ಕರೆದು, ತಪ್ಪಾಯಿತು ಎಂದು ಕೈ ಮುಗಿದೆ. ಅವಳು ಗಾಬರಿಯಾಗಿ ಅಪ್ಪನ ಹಿಂದೆ ಅವಿತುಕೊಂಡಳು. ಹೊಳೆಯನ್ನು ಅವಳಿಗೆ ಮರಳಿ ಕೊಟ್ಟೆ. ತೆಗೆದುಕೊಳ್ಳುತ್ತಾಳೋ ಇಲ್ಲವೋ ಎಂದು ಒಂದು ಕ್ಷಣ ಎಲ್ಲರೂ ಕಾದರು. ತೆಗೆದುಕೊಂಡಳು.

ಆಮೇಲೆ ಎಲ್ಲರೂ ಹೊಳೆದಂಡೆಗೆ ಹೋದೆವು. ಮಂಗಳಾ ಚೀಲದಿಂದ ಪೆಟ್ಟಿಗೆ ತೆಗೆದು, ಸೆರಗಿನಿಂದ ಗಾಜು ಒರೆಸಿ, ಮಗಳ ಮೂಗಿನ ಮೇಲೆ ಕನ್ನಡಕ ಕೂರಿಸಿದಳು. ಗಾಜಿನ ನೋಟ ಗುಡ್ಡಕ್ಕೆ ತಾಗುವುದಿಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು. ದಾಕ್ಷಾಯಿಣಿ ತಲೆಯೆತ್ತಿದಳು. ಎರಡು ಹೆಜ್ಜೆ ಹಿಂದಕ್ಕೆ ಬಂದಳು. ಗೌರಿಯ ಕೈ ಹಿಡಿದುಕೊಂಡಳು.

"ಇಷ್ಟು ಹತ್ರ ಬಂದುಬಿಟ್ಟಿದೆಯಲ್ಲೇ!" ಎಂದಳು. "ಅಲ್ಲಿ ಮೇಲೆ ಆಡು ಇದೆ. ಒಂದು, ಎರಡು... ಐದು ಆಡು. ಬೊಡ್ಡೆ ಪಕ್ಕದಲ್ಲಿ ಚಿಗುರು ಬಂದಿದೆ. ಚಿಗುರು ಬಂದಿದೆ ಅಂತ ನೀನು ಹೇಳೇ ಇಲ್ಲ ಗೌರಿ."

"ಹೇಳಿದ್ದೆ. ನೀನೇ ಸಾರ್ ಹತ್ರ ಹೇಳ್ಲಿಲ್ಲ" ಎಂದಳು ಗೌರಿ.

ಕೆಳಗೇರಿಯವರು ಗುಡ್ಡದ ಬುಡಕ್ಕೆ ಹೊಸ ಗೂಟ ಹೊಡೆದರು. ನನ್ನ ಮಾತನ್ನು ನಂಬುವ ಕಾಲ ಮುಗಿದಿತ್ತು, ಹಾಗಾಗಿ ದಿನಕ್ಕೆ ಮೂರು ಸಲ ಬಂದು ತಾವೇ ನೋಡಿದರು. ಮೂರು ದಿನ ಕಳೆಯಿತು, ವಾರ ಕಳೆಯಿತು, ತಿಂಗಳಾಯಿತು. ಗೂಟ ಅಲುಗಲಿಲ್ಲ. ಆದರೆ ಗುಡ್ಡ ಹಿಂದಕ್ಕೂ ಹೋಗಲಿಲ್ಲ. ಬಂದಲ್ಲೇ ನಿಂತಿದೆ. ಜವರಪ್ಪ ಇಟ್ಟಿಗೆಯ ಕಣವನ್ನು ಬಿಸಿಲು ಬೀಳುವ ಮೇಲಿನ ದಂಡೆಗೆ ಸಾಗಿಸಿಕೊಂಡ. ನನ್ನನ್ನು ಕಂಡರೆ ಈಗಲೂ ಮಾತಾಡಿಸುವುದಿಲ್ಲ. ಎಸ್ತರ್ ಸಿಸ್ಟರ್ ಮತ್ತೊಮ್ಮೆ ಬಂದಳು. ಈ ಸಲ ಪಟವನ್ನು ಕಂಕುಳಿನಿಂದ ಇಳಿಸಲಿಲ್ಲ, ನನಗೆ ಬೀಗದ ಕೈಯನ್ನೂ ಕೊಡಲಿಲ್ಲ. ಇನ್ನೂ ಐದು ಮಕ್ಕಳಿಗೆ ಕನ್ನಡಕ ಬಂತು. ಊರಿನ ಅಂಚೆ ಡಬ್ಬ ಇಷ್ಟು ದಿನ ಯಾಕೆ ಬೀದಿ ಬೀದಿ ಅಲೆಯುತ್ತಿತ್ತು ಎಂಬುದು ಹಾಗೆ ಗೊತ್ತಾಯಿತು.

ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ ಮಂಗಳಾ, "ಅದು ಹಾದಿ ತಪ್ಪಿ ಬಂದಿದ್ದಲ್ಲ ಕಣ್ರೀ. ಇವಳ ಕಣ್ಣಿಗೆ ಕಾಣೋವರೆಗೂ ಬರ್ತಿತ್ತು, ಅಷ್ಟೇ" ಎಂದಳು. ಗುಡ್ಡಕ್ಕೆ ಇದ್ದ ಆ ಬುದ್ಧಿ ನನಗೆ ಇರಲಿಲ್ಲ. ಒಂದೇ ಮನೆಯಲ್ಲಿದ್ದು ನಾನು ಒಂದು ಗೇಣು ಹತ್ತಿರ ಹೋಗಿರಲಿಲ್ಲ.

ಈಗಲೂ ನೋಟದ ಹಾಜರಿ ನಾನೇ ತೆಗೆದುಕೊಳ್ಳುತ್ತೇನೆ. ಹಿಂದಿನ ದಿನದ ಪುಟ ತಿರುವುವುದನ್ನು ಬಿಟ್ಟಿದ್ದೇನೆ. ಕನ್ನಡಕ ಬಂದ ಮೊದಲ ವಾರದಲ್ಲಿ ಒಂದು ಬೆಳಗ್ಗೆ ದಾಕ್ಷಾಯಿಣಿ ನನ್ನ ಮೇಜಿನ ಮುಂದೆ ಬಂದು ನಿಂತಳು. ಗುಡ್ಡ ಇದೆ ಸಾರ್, ಆಡು ಇಲ್ಲ ಸಾರ್, ಬಂಡೆ ಮೇಲೆ ಯಾರೋ ನೀಲಿ ಸೀರೆ ಒಣಗಹಾಕಿದ್ದಾರೆ ಸಾರ್ ಎಂದಳು. ಬರೆದುಕೊಂಡೆ. ಮುಂದಿನ ಮಗುವನ್ನು ಕರೆಯಲು ತಲೆಯೆತ್ತಿದರೆ ಅವಳು ಹೋಗಿರಲಿಲ್ಲ. ದಪ್ಪ ಗಾಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು, ಗುಡ್ಡವನ್ನು ನೋಡಿದ ಹಾಗೆ, ಒಂದೊಂದಾಗಿ.

"ಏನು?" ಎಂದೆ.

"ಅಪ್ಪ" ಎಂದಳು. ಶಾಲೆಯಲ್ಲಿ ಅವಳು ಹಾಗೆ ಕರೆದದ್ದು ಅದೇ ಮೊದಲು. "ನಾವು ಒಪ್ಪಿಸುವಾಗ ನಿಮ್ಮ ಮುಖ ಯಾವಾಗಲೂ ಹೀಗೇ ಇರ್ತಿತ್ತಾ?"

"ಹೀಗೆ ಅಂದ್ರೆ?"

"ನಂಗೆ ಕಾಣ್ತಿರ್ಲಿಲ್ಲ ಅಲ್ವಾ" ಎಂದಳು. "ನೀವು ನಗ್ತಾ ಇರ್ತೀರ ಅಂದ್ಕೊಂಡಿದ್ದೆ."